ಪ್ರೈಮ್ ಟೈಸನ್ ಅಂದ್ರೆ ಯಾವ ಟೈಸನ್ ಮಾರಾಯ?

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಅಷ್ಟುದ್ದ ಮಾತಾಡುವವನು ಒಂದು ಫೋನ್ ಮಾಡಬಹುದಿತ್ತು. ಇರಲಿ. ನೀನು ಹೇಳಿದ್ದು ಇಷ್ಟು: 2024ರ ನವೆಂಬರಿನಲ್ಲಿ ಟೆಕ್ಸಾಸಿನಲ್ಲಿ ಯೂಟ್ಯೂಬ್‌ನಿಂದ ಬಾಕ್ಸಿಂಗಿಗೆ ಬಂದ ಜೇಕ್ ಪಾಲ್ ಎದುರು ಸೋತ ಮೈಕ್ ಟೈಸನ್ 58ರ ಅಜ್ಜ, ಅದನ್ನು ಲೆಕ್ಕಕ್ಕೇ ಹಿಡಿಯಬಾರದು. ಟೋಕಿಯೋದಲ್ಲಿ ಸೋತದ್ದೂ ನಿಜವಾದ ಟೈಸನ್ ಅಲ್ಲ. ಪ್ರೈಮ್‌ನಲ್ಲಿದ್ದ, ಅಂದರೆ ಆಟದ ತುತ್ತತುದಿಯಲ್ಲಿದ್ದ ಟೈಸನ್ ಎದುರು ಯಾವ ಕಾಲದ ಯಾವ ಬಾಕ್ಸರೂ ನಿಲ್ಲುವುದಿಲ್ಲ. ಮೊದಲನೆಯದು ಒಪ್ಪಿದೆ. ಉಳಿದ ಎರಡಕ್ಕೆ ಬರೆದೇ ಉತ್ತರ ಕೊಡಬೇಕು ಅನ್ನಿಸಿತು, ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ನಮ್ಮ ಹಳೇ ಗ್ಯಾಂಗಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಬೈಯಬೇಡ.

ನೀನು ಪ್ರೈಮ್ ಅಂದಾಗೆಲ್ಲ ನಿನ್ನ ತಲೆಯಲ್ಲಿರುವುದು ವಯಸ್ಸು. ಹಾಗಾದರೆ ಲೆಕ್ಕ ಹಾಕು. ಟೈಸನ್ ಹುಟ್ಟಿದ್ದು 1966ರ ಜೂನ್ 30ಕ್ಕೆ. ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಅವನನ್ನು ಮಲಗಿಸಿದ್ದು 1990ರ ಫೆಬ್ರವರಿ 11ಕ್ಕೆ. ಅಂದರೆ 23 ವರ್ಷ. ಹೆಚ್ಚಿನ ಹೆವಿವೇಟ್ ಬಾಕ್ಸರ್‌ಗಳು ಆ ಪ್ರಾಯದಲ್ಲಿ ಟೈಟಲ್ ಫೈಟಿನ ಹತ್ತಿರಕ್ಕೂ ಬಂದಿರುವುದಿಲ್ಲ. ಮೈಗೆ ವಯಸ್ಸಾಗಿ ಸೋತ ಅಂತ ಹೇಳುವ ಹಾಗಿಲ್ಲ. ಅದೇ ತೋಳು, ಅದೇ ಗೂಳಿ ಕುತ್ತಿಗೆ, ಮೊಣಕೈ ಮಡಚಿ ಪಕ್ಕದಿಂದ ಬೀಸುವ ಅದೇ ಎಡಗೈ ಹುಕ್. ಮತ್ತೆ ಹೋದದ್ದೆಂತ?

ಅದು ಗೊತ್ತಾಗಬೇಕಾದರೆ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಅನ್ನೋ ಸಣ್ಣ ಊರಿನ ಒಂದು ಮನೆಯಿಂದ ಶುರು ಮಾಡಬೇಕು. ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಬೀದಿಗಳಲ್ಲಿ ಕಳ್ಳತನ ಮಾಡಿ ಮತ್ತೆ ಮತ್ತೆ ಸಿಕ್ಕಿಬಿದ್ದ ಹುಡುಗನನ್ನು ಟ್ರಯಾನ್ ಅನ್ನೋ ಬಾಲಾಪರಾಧಿಗಳ ಶಾಲೆಗೆ ಹಾಕಿದ್ದರು. ಅಲ್ಲಿ ಕೆಲಸಕ್ಕಿದ್ದ ಬಾಬಿ ಸ್ಟುವರ್ಟ್ ಹಳೇ ಬಾಕ್ಸರ್. ಅವನು ಈ ಹುಡುಗನನ್ನು ಕಸ್ ಡಿ'ಅಮಾಟೋ ಅನ್ನೋ ಬಾಕ್ಸಿಂಗ್ ಕೋಚ್ ಹತ್ತಿರ ಕರ್ಕೊಂಡು ಹೋದ. ಹುಡುಗನಿಗೆ 13 ವರ್ಷ, ಕಸ್‌ಗೆ ಎಪ್ಪತ್ತು ದಾಟಿತ್ತು. ಹಿಂದೆ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಹೆವಿವೇಟ್ ಚಾಂಪಿಯನ್ ಮಾಡಿದ ಮುದುಕ ಅವನು. ಮನೆ ನೋಡಿಕೊಳ್ಳುತ್ತಿದ್ದದ್ದು ಕೆಮಿಲ್ ಈವಾಲ್ಡ್ ಅನ್ನೋ ಅಮ್ಮ. ಕಲಿಯಲು ಬಂದ ಹುಡುಗರು ಅಲ್ಲೇ ಇರಬೇಕು, ಅಲ್ಲೇ ಊಟ, ಮನೆಗೆಲಸದಲ್ಲೂ ಕೈ ಸೇರಿಸಬೇಕು. 1982ರಲ್ಲಿ ಟೈಸನ್‌ನ ಹೆತ್ತ ತಾಯಿ ತೀರಿಕೊಂಡಳು, ಆಮೇಲೆ ಕಾನೂನು ಪ್ರಕಾರವೂ ಕಸ್ಸೇ ಅವನ ಪೋಷಕ. ಆ ಮುದುಕ ಹುಡುಗನಿಗೆ ಹುಕ್ ಕಲಿಸಿದ್ದಕ್ಕಿಂತ ಜಾಸ್ತಿ ಭಯದ ಬಗ್ಗೆ ಮಾತಾಡಿದ. ಹೇಡಿಗೂ ವೀರನಿಗೂ ರಿಂಗಿಗೆ ಇಳಿಯುವ ಮುಂಚೆ ಆಗುವುದು ಒಂದೇ, ಆಮೇಲೆ ಮಾಡುವುದು ಬೇರೆ ಬೇರೆ ಅನ್ನುವುದು ಅವನ ಪಾಠ. ನೀನು ಹೇಳುವ ಆ ಕಪ್ಪು ಚಡ್ಡಿಯ, ಸಾಕ್ಸ್ ಇಲ್ಲದ ರಾಕ್ಷಸ ಹುಟ್ಟಿದ್ದು ಆ ಊಟದ ಮೇಜಿನ ಹತ್ತಿರ.

ಈಗ ಎಲ್ಲರೂ ಹೇಳುವ ಕತೆ ಏನು? ಕಸ್ ಸತ್ತ, ಟೈಸನ್ ಹಾಳಾದ. ಕೇಳಲು ಚೆನ್ನಾಗಿದೆ, ಆದರೆ ತಾರೀಖು ಕೂಡಿ ಬರುವುದಿಲ್ಲ. ಕಸ್ ಸತ್ತದ್ದು 1985ರ ನವೆಂಬರ್ 4ಕ್ಕೆ. ಟೈಸನ್ ಟ್ರೆವರ್ ಬರ್ಬಿಕ್‌ನನ್ನು ಎರಡನೇ ರೌಂಡಿನಲ್ಲಿ ಕೆಡವಿ ಚಾಂಪಿಯನ್ ಆದದ್ದು 1986ರ ನವೆಂಬರ್ 22ಕ್ಕೆ, ಮುದುಕ ಹೋಗಿ ವರ್ಷ ಕಳೆದ ಮೇಲೆ. ಅಂದರೆ ನಾವೆಲ್ಲ ಪ್ರೈಮ್ ಅನ್ನುವ ಕಾಲ ಶುರುವಾದದ್ದೇ ಆ ಸಾವಿನ ನಂತರ. ಯಾಕೆ ಅಂದರೆ ಮುದುಕ ಕಟ್ಟಿದ್ದ ವ್ಯವಸ್ಥೆ ಇನ್ನೂ ನಡೀತಿತ್ತು. ಕಾರ್ನರ್‌ನಲ್ಲಿ, ಅಂದರೆ ರೌಂಡಿನ ನಡುವೆ ಬಾಕ್ಸರ್‌ನನ್ನು ನೋಡಿಕೊಳ್ಳುವ ರಿಂಗಿನ ಮೂಲೆಯಲ್ಲಿ, ಕೋಚ್ ಕೆವಿನ್ ರೂನಿ, ಅದೇ ಕ್ಯಾಟ್‌ಸ್ಕಿಲ್‌ನಲ್ಲಿ ಅದೇ ಪಾಠ ಕಲಿತವನು. ಹಣ, ಒಪ್ಪಂದ ಎಲ್ಲ ನೋಡಿಕೊಳ್ಳಲು ಜಿಮ್ ಜೇಕಬ್ಸ್ ಮತ್ತು ಬಿಲ್ ಕೇಟನ್. ಹುಡುಗನಿಗೆ ಖಾಲಿ ಕೂರಲು ಪುರುಸೊತ್ತೇ ಕೊಡಲಿಲ್ಲ ಅವರು. 1985ರ ಮಾರ್ಚಿನಲ್ಲಿ ಪ್ರೊಫೆಷನಲ್ ಆದವನಿಗೆ ಬರ್ಬಿಕ್ ಜೊತೆಗಿನದ್ದು 28ನೇ ಫೈಟ್! ಎರಡು ವರ್ಷ ಕೂಡ ಆಗಿರಲಿಲ್ಲ.

ಮುಂದೆ ನೋಡು. 1987ರಲ್ಲಿ ನಾಲ್ಕು ಫೈಟ್. 1988ರಲ್ಲಿ ಮೂರು. 1989ರಲ್ಲಿ ಎರಡೇ ಎರಡು. ನನ್ನ ಮಟ್ಟಿಗೆ ಟೈಸನ್‌ನ ಇಡೀ ಕತೆ ಈ ಸಂಖ್ಯೆಗಳಲ್ಲೇ ಉಂಟು.

1988 ಅವನ ಬದುಕಿನ ಭಯಂಕರ ವರ್ಷ. ಫೆಬ್ರವರಿಯಲ್ಲಿ ನಟಿ ರಾಬಿನ್ ಗಿವೆನ್ಸ್ ಜೊತೆ ಮದುವೆ. ಮಾರ್ಚ್ 21ಕ್ಕೆ ಟೋಕಿಯೋದಲ್ಲಿ ಟೋನಿ ಟಬ್ಸ್ ಜೊತೆ ಫೈಟ್, ಅದು ಮುಗಿದು ಎರಡೇ ದಿನಕ್ಕೆ ಜೇಕಬ್ಸ್ ಸಾವು. ಜೂನ್ 27ಕ್ಕೆ ಸೋಲೇ ಕಾಣದ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ. ನೀನು ಸ್ಟೇಟಸ್ ಹಾಕುವ ಆ ವಿಡಿಯೋ ಅದೇ ಅಲ್ವಾ? ಅದಕ್ಕಿಂತ ಚೆನ್ನಾಗಿ ಟೈಸನ್ ಕೂಡ ಮತ್ತೆ ಆಡಲಿಲ್ಲ. ಆದರೆ ಆ ಹೊತ್ತಿಗೆ ಮನೆಯೊಳಗೆ ಜಗಳ, ಮ್ಯಾನೇಜರ್ ಯಾರು ಅಂತ ಕೋರ್ಟಿನ ಗಲಾಟೆ, ಬಾಗಿಲಲ್ಲಿ ಫೈಟ್ ಏರ್ಪಡಿಸುವ ಪ್ರೊಮೋಟರ್ ಡಾನ್ ಕಿಂಗ್. ಅಂದರೆ ಸುತ್ತಮುತ್ತ ಎಲ್ಲ ಕುಸಿಯಲು ಶುರುವಾದ ಮೇಲೂ ಮೈ ಸ್ವಲ್ಪ ಕಾಲ ಹಳೇ ಅಭ್ಯಾಸದಲ್ಲಿ ಓಡುತ್ತದೆ, ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ಆಗಸ್ಟಿನಲ್ಲಿ ಹಾರ್ಲೆಮ್‌ನ ಬೀದಿಯಲ್ಲಿ ಇನ್ನೊಬ್ಬ ಬಾಕ್ಸರ್ ಮಿಚ್ ಗ್ರೀನ್ ಜೊತೆ ಹೊಡೆದಾಡಿ ಕೈ ಮುರಿದುಕೊಂಡ. ವರ್ಷದ ಕೊನೆಗೆ ರೂನಿಯನ್ನೂ ತೆಗೆದು ಹಾಕಿದ. ಆಮೇಲಿನ ಟೈಸನ್‌ನನ್ನು ಒಮ್ಮೆ ಸರಿಯಾಗಿ ನೋಡು: ತಲೆ ಆಚೆ ಈಚೆ ಆಡುವುದು ಕಮ್ಮಿ, ಮುಂದಿನ ಕೈಯ ಚುಟುಕು ನೇರ ಏಟು ಜ್ಯಾಬ್ ಕಮ್ಮಿ, ಒಂದೇ ಏಟಿಗೆ ಕೆಡವಲು ಕಾಯುವುದು ಜಾಸ್ತಿ. ತಲೆ ಆಡಿಸು ಅಂತ ಬೈಯುವವರು ಕಾರ್ನರ್‌ನಲ್ಲಿ ಉಳಿದಿರಲಿಲ್ಲ.

ಟೋಕಿಯೋದ ಕಾರ್ನರ್ ನೋಡಿದರೆ ಈಗಲೂ ಅಯ್ಯೋ ಅನ್ನಿಸುತ್ತದೆ. ಕಣ್ಣು ಊದಿದಾಗ ಒತ್ತಿ ಹಿಡಿಯಲು ತಣ್ಣಗಿನ ಲೋಹದ ತುಂಡೊಂದು ಇರುತ್ತದೆ, ಸಣ್ಣ ಇಸ್ತ್ರಿ ಪೆಟ್ಟಿಗೆ ಥರ, ಅದು ಯಾವ ಕಾರ್ನರ್‌ನಲ್ಲೂ ಇರಲೇಬೇಕು. ಜಗತ್ತಿನ ಚಾಂಪಿಯನ್‌ನ ಕಾರ್ನರ್‌ನಲ್ಲಿ ಅದಿರಲಿಲ್ಲ. ಒಂದು ರಬ್ಬರ್ ಗ್ಲೌಸಿಗೆ ಐಸ್ ನೀರು ತುಂಬಿಸಿ, ಆ ಜೋಲಾಡುವ ಗ್ಲೌಸನ್ನು ಅವನ ಕಣ್ಣಿಗೆ ಒತ್ತಿ ಹಿಡಿದು ಕೂತಿದ್ದರು. ಅದಕ್ಕೆ ಮುಂಚೆ ಅಲ್ಲೇ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಹೊಡೆದಾಟದಲ್ಲಿ, ಗ್ರೆಗ್ ಪೇಜ್ ಅನ್ನೋ ಬಾಕ್ಸರ್ ಅವನನ್ನು ನೆಲಕ್ಕೆ ಕೆಡವಿದ್ದ. ಅದು ಸುದ್ದಿಯಾದರೂ ಯಾರಿಗೂ ಮಂಡೆಬಿಸಿ ಆಗಲಿಲ್ಲ. ಲಾಸ್ ವೇಗಾಸಿನಲ್ಲಿ ಡಗ್ಲಸ್ ಗೆಲ್ಲುತ್ತಾನೆ ಅನ್ನುವುದಕ್ಕೆ ಬೆಟ್ಟಿಂಗ್ ದರ 42ಕ್ಕೆ 1. ಹತ್ತನೇ ರೌಂಡಿನಲ್ಲಿ ಕೆಳಗಿಂದ ಮೇಲಕ್ಕೆ ಗಲ್ಲಕ್ಕೆ ಬೀಳುವ ಏಟು, ಡಗ್ಲಸ್‌ನ ಅಪ್ಪರ್‌ಕಟ್, ಅದರ ಹಿಂದೆಯೇ ಸಾಲಾಗಿ ಏಟುಗಳು. ಟೈಸನ್ ಜೀವನದಲ್ಲಿ ಮೊದಲ ಸಲ ಬಿದ್ದ. ಮೊಣಕಾಲೂರಿ ನೆಲದ ಮೇಲೆ ತಡಕಾಡಿ ಮೌತ್‌ಗಾರ್ಡ್ ಹುಡುಕಿದ, ಸಿಕ್ಕಿದ್ದನ್ನು ತಿರುಗಾ ಮುರುಗಾ ಬಾಯಿಗೆ ಸಿಕ್ಕಿಸಿಕೊಂಡ, ಅದರ ಒಂದು ತುದಿ ಹೊರಗೇ ನೇತಾಡುತ್ತಿತ್ತು. ಅಷ್ಟರಲ್ಲಿ ಎಣಿಕೆ ಮುಗಿಯಿತು.

ಇಲ್ಲಿಗೆ ನಿಲ್ಲಿಸಿದರೆ ನಿನ್ನ ಮಾತೇ ಗೆದ್ದ ಹಾಗೆ. ಪಾಪ, ಅವನ ಪರಿಸ್ಥಿತಿ ಸರಿ ಇರಲಿಲ್ಲ, ಅದು ನಿಜವಾದ ಟೈಸನ್ ಅಲ್ಲ. ಆದರೆ ಎದುರಿಗಿದ್ದವನ ಪರಿಸ್ಥಿತಿ ಕೇಳು. ಡಗ್ಲಸ್‌ನ ತಾಯಿ ಲೂಲಾ ಪರ್ಲ್ ತೀರಿಕೊಂಡದ್ದು ಆ ಫೈಟಿಗೆ 23 ದಿನ ಮುಂಚೆ. ಹೆಂಡತಿಯೂ ದೂರವಾಗಿದ್ದಳು. ಅದಕ್ಕೂ ಮುಂಚೆ ಅವನಿಗಿದ್ದ ಹೆಸರು ಏನು ಗೊತ್ತುಂಟಾ? ಮೈಯಲ್ಲಿ ಎಲ್ಲ ಇದೆ, ಎದೆಯಲ್ಲಿ ಏನೂ ಇಲ್ಲ ಅಂತ. 1987ರಲ್ಲಿ ಟೋನಿ ಟಕ್ಕರ್ ಎದುರಿನ ಟೈಟಲ್ ಫೈಟಿನಲ್ಲಿ ಮುಂದಿದ್ದು, ಕೊನೆಗೆ ಕೈ ಬಿಟ್ಟು ಸೋತವನು. ಅಂಥವನಿಗೆ ಅಮ್ಮ ಹೋದದ್ದೇ ನೆಪ, ಊರಿಗೆ ವಾಪಸ್ ಹೋಗಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ನಿಂತ. ಎಂಟನೇ ರೌಂಡಿನ ಕೊನೆಗೆ ಟೈಸನ್‌ನ ಅಪ್ಪರ್‌ಕಟ್‌ಗೆ ನೆಲಕ್ಕೆ ಬಿದ್ದಾಗ ಡಗ್ಲಸ್ ಮುಷ್ಟಿ ಹಿಡಿದು ನೆಲಕ್ಕೆ ಗುದ್ದುತ್ತಾನೆ. ಗಮನಿಸು ಅದನ್ನು. ಏಟು ತಿಂದು ಮಂಪರಾದವನ ಮುಖ ಅಲ್ಲ ಅದು, ತನ್ನ ಮೇಲೆ ತನಗೇ ಸಿಟ್ಟು ಬಂದವನ ಮುಖ.

ಹಾಗಾಗಿ ಪರಿಸ್ಥಿತಿ ಅನ್ನೋದು ಒಬ್ಬನನ್ನು ಕೆಡವಿತು ಅಂತ ಹೇಳುವಾಗ ಅದೇ ರಾತ್ರಿ ಅದೇ ರಿಂಗಿನಲ್ಲಿ ಇನ್ನೊಬ್ಬನನ್ನು ಎತ್ತಿತು ಅಂತಲೂ ಹೇಳಬೇಕಾಗುತ್ತದೆ. ಟೈಸನ್‌ನ ಸೋಲನ್ನು ಅಳಿಸಿದರೆ ಡಗ್ಲಸ್‌ನ ಗೆಲುವೂ ಅಳಿಸಿ ಹೋಗುತ್ತದೆ, ಅದು ನ್ಯಾಯ ಅಲ್ಲ. ಮನಸ್ಸು ಹಿಡಿತದಲ್ಲಿರುವುದು, ಮಂಡೆಬಿಸಿಯ ನಡುವೆ ಜಿಮ್ಮಿಗೆ ಹೋಗುವುದು, ಸರಿಯಾದವರನ್ನು ಪಕ್ಕದಲ್ಲಿಟ್ಟುಕೊಳ್ಳುವುದು, ಇದೆಲ್ಲ ಆ ಹುಕ್ಕಿನಷ್ಟೇ ಟೈಸನ್‌ನ ಭಾಗ. ಹುಕ್ಕನ್ನು ಮಾತ್ರ ಕಿತ್ತು ತೆಗೆದು ಇದು ಪ್ರೈಮ್ ಅಂತ ಮೇಜಿನ ಮೇಲಿಡಲು ಆಗುವುದಿಲ್ಲ.

ಡಗ್ಲಸ್‌ನ ಪ್ರೈಮ್ ಎಷ್ಟು ದೊಡ್ಡದು ಅಂತಲೂ ನೋಡು. ಒಂದು ರಾತ್ರಿ. ಟೋಕಿಯೋದಲ್ಲಿ ಅವನ ತೂಕ 231 ಪೌಂಡ್ ಚಿಲ್ಲರೆ, ಅಂದರೆ 105 ಕೆಜಿ. ಅದೇ ವರ್ಷ ಅಕ್ಟೋಬರ್ 25ಕ್ಕೆ ಇವಾಂಡರ್ ಹೋಲಿಫೀಲ್ಡ್ ಅನ್ನೋ ಬಾಕ್ಸರ್ ಎದುರು ಬಂದಾಗ 246 ಪೌಂಡ್, ಹೊಟ್ಟೆ ಚಡ್ಡಿಯ ಮೇಲೆ ಜೋತು ಬಿದ್ದಿತ್ತು. ಮೂರನೇ ರೌಂಡಿನಲ್ಲಿ ಒಂದು ಬಲಗೈ ಏಟು, ಮಲಗಿದ. ಆ ಎಂಟು ತಿಂಗಳಲ್ಲಿ ಕೋರ್ಟು, ಕೇಸು, ಹಣ, ಎಲ್ಲರ ಎಳೆದಾಟ. ಅಮ್ಮನಿಗಾಗಿ ಒಂದು ಸಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದ, ಎರಡನೇ ಸಲಕ್ಕೆ ಕಾರಣ ಸಿಗಲಿಲ್ಲ. ನನಗೆ ಅವನ ಮೇಲೆ ಸಿಟ್ಟಿಲ್ಲ. ಎಷ್ಟೋ ಜನರಿಗೆ ಆ ಒಂದು ರಾತ್ರಿಯೂ ಇರುವುದಿಲ್ಲ.

ಹೆವಿವೇಟ್ ಸಾಕು ಅಂತೀಯಾ? ಸರಿ, ರೊಬರ್ಟೋ ಡುರಾನ್ ಕತೆ ತೆಗೆದುಕೋ. ಪನಾಮಾದ ಎಲ್ ಚೊರಿಯೋ ಅನ್ನೋ ಬಡವರ ಕೇರಿಯಲ್ಲಿ ಬೆಳೆದವನು. 1980ರ ಜೂನ್ 20ಕ್ಕೆ ಮಾಂಟ್ರಿಯಲ್‌ನಲ್ಲಿ ಶುಗರ್ ರೇ ಲೆನಾರ್ಡ್ ಜೊತೆ ಫೈಟ್. ಡುರಾನ್ ಅರ್ಧ ಕೆಲಸ ರಿಂಗಿನ ಹೊರಗೇ ಮುಗಿಸಿದ: ಎಲ್ಲರೆದುರು ಲೆನಾರ್ಡ್‌ನನ್ನು ಬೈದ, ಅವನ ಹೆಂಡತಿಗೂ ಬಾಯಿಗೆ ಬಂದದ್ದು ಹೇಳಿದ. ಲೆನಾರ್ಡ್‌ಗೆ ನೆತ್ತಿಗೇರಿತು. ಕಾಲಿನ ಆಟವೇ ಬಂಡವಾಳವಾಗಿದ್ದವನು ಅದನ್ನು ಬಿಟ್ಟು ಗಂಡಸುತನ ತೋರಿಸಲು ಎದುರಾ ಬದುರಾ ನಿಂತು ಹೊಡೆದಾಡಿದ, 15 ರೌಂಡಿನ ಕೊನೆಗೆ ಸೋತ. ಆಮೇಲೆ ಡುರಾನ್ ಊರಲ್ಲಿ ಭಾರೀ ಗಮ್ಮತ್ತು ಮಾಡಿದ. ಪಾರ್ಟಿ, ತಿನ್ನುವುದು, ಕುಡಿಯುವುದು, ತೂಕ ಸಿಕ್ಕಾಪಟ್ಟೆ ಏರಿತು. ಲೆನಾರ್ಡ್ ಕಡೆಯವರು ಬುದ್ಧಿವಂತರು, ತಕ್ಷಣ ಮರುಪಂದ್ಯಕ್ಕೆ ಒಪ್ಪಂದ ಮಾಡಿಸಿದರು. ನವೆಂಬರ್ 25ಕ್ಕೆ ನ್ಯೂ ಓರ್ಲಿಯನ್ಸ್. ಈ ಸಲ ಗೇಲಿ ಮಾಡುವ ಸರದಿ ಲೆನಾರ್ಡ್‌ನದ್ದು. ಕುಣಿದ, ಮುಖ ಮುಂದೆ ಒಡ್ಡಿ ಹೊಡಿ ನೋಡುವ ಅಂದ, ಬಲಗೈ ಗರಗರ ತಿರುಗಿಸಿ ಎಡಗೈಯಲ್ಲಿ ಮೂಗಿಗೆ ಕೊಟ್ಟ. ಎಂಟನೇ ರೌಂಡಿನಲ್ಲಿ ಡುರಾನ್ ಬೆನ್ನು ತಿರುಗಿಸಿ ಸಾಕು ಅಂತ ಕೈಯಾಡಿಸಿಬಿಟ್ಟ. ಆಮೇಲೆ ಹೊಟ್ಟೆನೋವು ಅಂತ ಹೇಳಿದ.

ಐದು ತಿಂಗಳು ಮಾರಾಯ! ಅದೇ ಇಬ್ಬರು, ಅದೇ ಪ್ರಾಯ. ಈಗ ಹೇಳು, ಡುರಾನ್‌ನ ಪ್ರೈಮ್ 1980ರ ಜೂನ್‌ಗೆ ಮುಗಿಯಿತಾ? ಊರಿನವರು ಅವನನ್ನು ಹೇಡಿ ಅಂತ ಮುಗಿಸಿಬಿಟ್ಟಿದ್ದರು. ಆದರೆ 1983ರ ಜೂನ್ 16ಕ್ಕೆ, ತನ್ನ 32ನೇ ಹುಟ್ಟಿದ ದಿನವೇ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತನಗಿಂತ ಚಿಕ್ಕ ಪ್ರಾಯದ ಡೇವಿ ಮೂರ್‌ನನ್ನು ಎಂಟನೇ ರೌಂಡಿನಲ್ಲಿ ಮುಗಿಸಿ ಮತ್ತೆ ಚಾಂಪಿಯನ್ ಆದ. ಮರ್ಯಾದೆ ಹೋದವನಿಗೆ ಮತ್ತೆ ಹಸಿವು ಬಂದಿತ್ತು, ಅಷ್ಟೇ.

ಮೊಹಮ್ಮದ್ ಅಲಿ ಬಗ್ಗೆ ನಿನಗೆ ಹೇಳಬೇಕಾಗಿಲ್ಲ, ನಿನ್ನ ರೂಮಿನ ಗೋಡೆಯಲ್ಲಿ ಇದ್ದವನು. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಅಂದದ್ದಕ್ಕೆ 1967ರ ಮಾರ್ಚಿನಿಂದ 1970ರ ಅಕ್ಟೋಬರ್‌ವರೆಗೆ ಒಂದೂ ಫೈಟ್ ಇಲ್ಲ. 25ರಿಂದ 28. ಕಾಲು ಅತಿ ಚುರುಕಾಗಿರುವ ವರ್ಷಗಳು ಹಾಗೇ ಹೋದವು. ಅದಕ್ಕೇ ಅಲಿಯ ಪ್ರೈಮ್ ನಮಗೆ ನೋಡಲು ಸಿಗಲೇ ಇಲ್ಲ ಅನ್ನುವವರಿದ್ದಾರೆ. ಅರ್ಧ ನಿಜ. ವಾಪಸ್ ಬಂದ ಅಲಿಗೆ ಆ ಕಾಲುಗಳಿರಲಿಲ್ಲ, ಆದರೆ ಮಂಡೆ ಬೇರೆಯೇ ಆಗಿತ್ತು. 1974ರಲ್ಲಿ ಆಫ್ರಿಕಾದ ಕಿನ್ಷಾಸಾದಲ್ಲಿ 32ರ ಅಲಿ ಹಗ್ಗಕ್ಕೆ ಒರಗಿ ನಿಂತು ಜಾರ್ಜ್ ಫೋರ್‌ಮನ್‌ನ ಕೈ ಸೋಲುವವರೆಗೆ ಏಟು ತಿಂದನಲ್ಲ, 24ರ ಅಲಿಗೆ ಆ ತಾಳ್ಮೆ ಇತ್ತಾ? ನನಗಂತೂ ಸಂಶಯ. ಅದಕ್ಕೆ ಆಮೇಲೆ ಅವನ ಮೈ ತೆತ್ತ ಬೆಲೆ ಗೊತ್ತೇ ಇದೆ, ಹಾಗಾಗಿ ಇದನ್ನು ಹೊಗಳುವಾಗ ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ.

ನನಗೆ ಆ ಫೈಟಿನಲ್ಲಿ ಜಾಸ್ತಿ ಕಾಡುವವನು ಫೋರ್‌ಮನ್. ಪ್ರಾಯ 25, 40 ಫೈಟ್, 40 ಗೆಲುವು. ಆಗಿನ ಚಾಂಪಿಯನ್ ಜೋ ಫ್ರೇಜಿಯರ್‌ನನ್ನು ಎರಡು ರೌಂಡಿನಲ್ಲಿ ಆರು ಸಲ ಕೆಡವಿದವನು. ಕಾಗದದ ಮೇಲೆ ಪ್ರೈಮ್ ಅಂದರೆ ಅದು. ಆದರೆ ಸ್ಪಾರಿಂಗ್‌ನಲ್ಲಿ ಹುಬ್ಬು ಒಡೆದು ಫೈಟ್ ಐದು ವಾರ ಮುಂದೆ ಹೋಯಿತು. ಗೊತ್ತಿಲ್ಲದ ದೇಶದಲ್ಲಿ ಮುಖ ಗಂಟಿಕ್ಕಿಕೊಂಡು ಜರ್ಮನ್ ಶೆಫರ್ಡ್ ನಾಯಿ ಹಿಡಿದುಕೊಂಡು ಓಡಾಡಿದ. ಅಂಥ ನಾಯಿಗಳನ್ನೇ ಹಿಂದೆ ಆ ದೇಶವನ್ನು ಆಳುತ್ತಿದ್ದ ಬೆಲ್ಜಿಯಂ ಪೊಲೀಸರು ಛೂ ಬಿಡುತ್ತಿದ್ದದ್ದು ಅಂತ ಅಲ್ಲಿನ ಜನಕ್ಕೆ ಇನ್ನೂ ನೆನಪಿತ್ತು. ಇಡೀ ಊರು ಅಲಿ ಕಡೆ. ಎಂಟನೇ ರೌಂಡಿನಲ್ಲಿ ಫೋರ್‌ಮನ್ ಬಿದ್ದ. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತು ಡ್ರೆಸ್ಸಿಂಗ್ ರೂಮಿನಲ್ಲಿ ಏನೋ ಆಯಿತು, ದೇವರು ಕಂಡ ಅಂತ ಹೇಳಿ ಬಾಕ್ಸಿಂಗ್ ಬಿಟ್ಟು ಹ್ಯೂಸ್ಟನ್‌ನಲ್ಲಿ ಪಾದ್ರಿಯಾದ. ಹತ್ತು ವರ್ಷ ರಿಂಗ್ ಮುಟ್ಟಲಿಲ್ಲ. 1987ರಲ್ಲಿ ಹುಡುಗರಿಗಾಗಿ ನಡೆಸುತ್ತಿದ್ದ ಕೇಂದ್ರಕ್ಕೆ ದುಡ್ಡು ಬೇಕು ಅಂತ ಬೋಳು ತಲೆ, ದೊಡ್ಡ ಹೊಟ್ಟೆ, ದೊಡ್ಡ ನಗು ಹೊತ್ತುಕೊಂಡು ವಾಪಸ್ ಬಂದ. 1994ರ ನವೆಂಬರ್ 5ಕ್ಕೆ, 45ನೇ ವಯಸ್ಸಿನಲ್ಲಿ, ಕಿನ್ಷಾಸಾದಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು, ಒಂಬತ್ತು ರೌಂಡ್ ಪಾಯಿಂಟ್ಸ್‌ನಲ್ಲಿ ಹಿಂದಿದ್ದು, ಹತ್ತನೆಯದರಲ್ಲಿ 26ರ ಮೈಕೆಲ್ ಮೂರರ್ ಗಲ್ಲಕ್ಕೆ ಒಂದು ಗಿಡ್ಡ ಬಲಗೈ ಏಟು ಕೊಟ್ಟ. ಮೂರರ್ ಏಳಲಿಲ್ಲ. ಫೋರ್‌ಮನ್ ಮೂಲೆಗೆ ಹೋಗಿ ಮೊಣಕಾಲೂರಿದ. 25ರಲ್ಲಿ ಸಿಟ್ಟಿನಿಂದ ಉಸಿರು ಖಾಲಿ ಮಾಡಿಕೊಂಡವನು 45ರಲ್ಲಿ ಹತ್ತು ರೌಂಡ್ ಸುಮ್ನೆ ಕಾದ. ಮೈ ಲೆಕ್ಕದಲ್ಲಿ ಮೊದಲನೆಯವನೇ ಬಲಶಾಲಿ, ಆದರೂ ಇಬ್ಬರು ಫೋರ್‌ಮನ್‌ಗಳನ್ನು ಎದುರಾ ಬದುರಾ ಬಿಟ್ಟರೆ ನಾನು ದುಡ್ಡು ಯಾರ ಮೇಲೆ ಹಾಕುತ್ತಿದ್ದೆ ಅಂತ ನನಗೇ ಗೊತ್ತಿಲ್ಲ.

ಇಷ್ಟೆಲ್ಲ ಅಮೆರಿಕದ ಕತೆ ಹೇಳುವಾಗ ಮೇರಿ ಕೋಮ್ ಅವರನ್ನು ಬಿಟ್ಟರೆ ತಪ್ಪಾಗುತ್ತದೆ. 2002, 2005, 2006ರಲ್ಲಿ ವಿಶ್ವ ಚಾಂಪಿಯನ್. 2007ರಲ್ಲಿ ಅವಳಿ ಮಕ್ಕಳು. ನಮ್ಮ ಕಡೆ ಬಾಣಂತಿಗೆ ಹೇಳುವ ಬುದ್ಧಿಮಾತು ನಿನಗೆ ಗೊತ್ತಲ್ಲ, ತಣ್ಣೀರು ಮುಟ್ಟಬೇಡ, ಭಾರ ಎತ್ತಬೇಡ, ಮಣಿಪುರದಲ್ಲೂ ಇದಕ್ಕಿಂತ ತುಂಬಾ ಬೇರೆ ಇರಲಿಕ್ಕಿಲ್ಲ. ಅವರು 2008ರಲ್ಲಿ ಚೀನಾದ ನಿಂಗ್ಬೋದಲ್ಲಿ ಮತ್ತೆ ಚಿನ್ನ ಗೆದ್ದರು. ಆ ಹೊತ್ತಿಗೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡದ್ದು ಗಂಡ. ಇದನ್ನು ಎಲ್ಲರೂ ಮನೋಬಲ ಅಂತ ಮಾತ್ರ ಹೇಳುತ್ತಾರೆ, ನಾನು ಮನೆ ಅಂತಲೂ ಸೇರಿಸುತ್ತೇನೆ. ಇನ್ನೊಂದು ಎಂತ ಗೊತ್ತುಂಟಾ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರ ಬಾಕ್ಸಿಂಗ್ ಬಂತು, ಆದರೆ ಅವರು ಗೆಲ್ಲುತ್ತಿದ್ದ 46, 48 ಕೆಜಿ ವಿಭಾಗವೇ ಅಲ್ಲಿರಲಿಲ್ಲ. ಎಲ್ಲಕ್ಕಿಂತ ಕೆಳಗಿನದ್ದು 51. ತಿಂದು ತೂಕ ಏರಿಸಿ, ತನಗಿಂತ ಎತ್ತರದವರ ಜೊತೆ ಆಡಿ ಕಂಚು ತಂದರು. ಒಬ್ಬರ ಪ್ರೈಮ್ ಯಾವುದು ಅಂತ ಯಾವುದೋ ಮೀಟಿಂಗಿನಲ್ಲಿ ಕೂತ ಸಮಿತಿಯೂ ಸ್ವಲ್ಪ ತೀರ್ಮಾನ ಮಾಡುತ್ತದೆ. 2018ರಲ್ಲಿ ದೆಹಲಿಯಲ್ಲಿ ತಮ್ಮ 48 ಕೆಜಿಗೇ ವಾಪಸ್ ಬಂದು ಆರನೇ ಚಿನ್ನ ಗೆದ್ದಾಗ ಅವರು ಮೂರು ಮಕ್ಕಳನ್ನು ಹೆತ್ತ ತಾಯಿ.

ನಮ್ಮ ಶ್ರೀನಿವಾಸ ಗೌಡರ ವಿಷಯವೂ ಹೀಗೇ ಅಲ್ವಾ. 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಬೋಲ್ಟ್ ಬೋಲ್ಟ್ ಅಂತ ಕೂಗಿತು, ಕೇಂದ್ರ ಮಂತ್ರಿಗಳೇ ಟ್ರಯಲ್ಸ್‌ಗೆ ಕರೆದರು. ಅವರು ಹೋಗಲಿಲ್ಲ. ಕೆಸರಿನಲ್ಲಿ, ಕೋಣಗಳ ಹಿಂದೆ, ಬರಿಗಾಲಲ್ಲಿ ಓಡುವವನನ್ನು ಟ್ರ್ಯಾಕಿಗೆ ತಂದು ನಿಲ್ಲಿಸಿದರೆ ಅದೇ ಆಳು ಆಗಿರುತ್ತಾನಾ? ಬಾಕ್ಸಿಂಗ್‌ನಿಂದ ದೂರ ಹೋದೆ, ಬಿಡು.

ಹೇಳಬೇಕಾದ್ದು ನಮ್ಮ ಜಿಮ್ಮಿನ ಒಬ್ಬ ಹುಡುಗನ ಸಂಗತಿ. ನಾನು ಸಂಜೆ ಹೊತ್ತು ಪ್ಯಾಡ್ ಹಿಡಿಯಲು ಹೋಗುತ್ತೇನೆ ಅಂತ ಹೇಳಿದ್ದೆನಲ್ಲ, ಅಲ್ಲಿ ಬರುವವನು. 19 ವರ್ಷ, ಎಡಗೈ ಮುಂದಿಡುವ ಬದಲು ಬಲಗೈ ಮುಂದಿಟ್ಟು ಆಡುವವನು, ಕಣ್ಣು ಭಾರೀ ಚುರುಕು. ಬೆಳಗಿನ ಜಾವ ಬಂದರಿನ ದಕ್ಕೆಯಲ್ಲಿ ಮೀನು ಇಳಿಸುವ ಕೆಲಸ. ಟ್ರಾಲ್ ಬೋಟ್ ಬಂದ ಹೊತ್ತಿಗೆ ಎದ್ದು ಹೋಗಬೇಕು. ಬಂಗುಡೆ, ಬೂತಾಯಿ ಬುಟ್ಟಿಗೆ ತುಂಬಿಸಿ, ಐಸಿನಲ್ಲಿ ಕೈ ಹಾಕಿ ಹಾಕಿ ಬೆರಳ ಸಂದು ಒಡೆದಿರುತ್ತದೆ, ಎಲ್ಲೋ ಒಂದು ಕಡೆ ಮೀನಿನ ಮುಳ್ಳು ತಾಗಿ ಬಾತಿರುತ್ತದೆ. ಸಂಜೆ ಹ್ಯಾಂಡ್ ರ‍್ಯಾಪ್ ಸುತ್ತುವಾಗ ಮುಖ ಸಣ್ಣ ಮಾಡುತ್ತಾನೆ, ಬಾಯಿ ಬಿಡುವುದಿಲ್ಲ. ಎರಡನೇ ರೌಂಡಿಗೆ ಕೈ ಕೆಳಗೆ ಇಳಿಯುತ್ತದೆ. ಹೊಸದಾಗಿ ಬಂದ ಕೋಚ್ ಒಬ್ಬರು ಇವನಿಗೆ ಮನಸ್ಸಿಲ್ಲ, ಸೋಮಾರಿ ಅಂತ ಬರೆದೇ ಬಿಟ್ಟಿದ್ದರು.

ಜೂನ್ ಒಂದಕ್ಕೆ ಬೋಟ್ ನಿಂತವು. ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, 61 ದಿನ ರಜೆ, ನಿನಗೆ ಗೊತ್ತಿದ್ದದ್ದೇ. ಹೊರಗೆ ಜಡಿಮಳೆ, ಒಳಗೆ ಗ್ಲೌಸ್ ಒಣಗುವುದಿಲ್ಲ, ಪೇಪರ್ ತುರುಕಿ ಫ್ಯಾನಿನ ಕೆಳಗಿಟ್ಟರೂ ಆ ಮುಗ್ಗಲು ವಾಸನೆ ಹೋಗುವುದಿಲ್ಲ. ಆ ಗಬ್ಬು ವಾಸನೆಯ ಗ್ಲೌಸಿನಲ್ಲಿ ಈ ಹುಡುಗ ಏನು ಆಡಿದ ಅಂತೀಯಾ! ರಾತ್ರಿ ಇಡೀ ನಿದ್ದೆ, ಕೈಯ ಗಾಯ ಮಾಗಿದೆ, ಮೂರನೇ ರೌಂಡಿನಲ್ಲೂ ಕಾಲು ಓಡುತ್ತಿದೆ. ನನ್ನ ಪ್ಯಾಡಿಗೆ ಅವನ ಎಡಗೈ ನೇರ ಏಟು ಬಿದ್ದರೆ ಮೊಣಕೈವರೆಗೆ ಝುಮ್ ಅನ್ನುತ್ತಿತ್ತು. ಸೋಮಾರಿ ಅಂದವರೇ ಬಂದು ಬೆನ್ನು ತಟ್ಟಿದರು. ಆದರೆ ಅದೇ ಎರಡು ತಿಂಗಳು ಕೂಲಿ ಇಲ್ಲ. ಜುಲೈ ಅರ್ಧಕ್ಕೆ ಮೊಟ್ಟೆ ನಿಂತಿತು, ಗಂಜಿ ಚಟ್ನಿಯಲ್ಲಿ ಪ್ರಾಕ್ಟೀಸ್. ನಾವು ಒಂದಿಬ್ಬರು ಸೇರಿ ಏನೋ ವ್ಯವಸ್ಥೆ ಮಾಡಿದೆವು, ಅವನಿಗೆ ನಾಚಿಕೆ, ತೆಗೆದುಕೊಳ್ಳಲು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಆಗಸ್ಟಿನಲ್ಲಿ ಬೋಟ್ ಹೋದವು, ಅವನೂ ಹೋದ. ಟೂರ್ನಮೆಂಟುಗಳು ಬರುವುದು ಅದರ ನಂತರ, ಮತ್ತೆ ನಿದ್ದೆಗೆಟ್ಟ ಕಾಲದಲ್ಲಿ.

ಅವನಿಗೆ ಯಾರಾದರೂ ಮೋಟಿವೇಶನ್ ರೀಲ್ ಕಳಿಸಿದರೆ ನನಗೆ ಮೈ ಉರಿಯುತ್ತದೆ. ಟೈಸನ್ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓಡುತ್ತಿದ್ದ ಅಂತ ಹಿಂದೆ ಮ್ಯೂಸಿಕ್ ಹಾಕಿ ತೋರಿಸುತ್ತಾರೆ. ಇವನು ಎರಡೂವರೆಗೇ ಏಳುತ್ತಾನೆ. ಟೈಸನ್ ಓಡಿ ಬಂದಾಗ ಕೆಮಿಲ್ ಮನೆಯಲ್ಲಿ ತಿಂಡಿ ರೆಡಿ ಇರುತ್ತಿತ್ತು, ಮಧ್ಯಾಹ್ನ ಮಲಗಲು ಹಾಸಿಗೆ ಇತ್ತು, ರೀಲಿನಲ್ಲಿ ಅದು ಬರುವುದಿಲ್ಲ.

ನಾವು ಈಗ ಮಾಡುತ್ತಿರುವುದು ಇಷ್ಟು: ಅವನಿಗೆ ದಕ್ಕೆ ಬಿಟ್ಟು ಹಗಲಿನ ಕೆಲಸ ಏನಾದರೂ ಸಿಗುತ್ತದಾ ನೋಡುತ್ತಿದ್ದೇವೆ. ಬೈಕಂಪಾಡಿ ಕಡೆ ಒಂದು ಗೋಡೌನಿನಲ್ಲಿ ಮಾತಾಡಿದ್ದೇನೆ, ಸಂಬಳ ಸ್ವಲ್ಪ ಕಮ್ಮಿ, ರಾತ್ರಿ ನಿದ್ದೆ ಸಿಗುತ್ತದೆ. ಅವನ ಅಮ್ಮ ಒಪ್ಪಿಲ್ಲ. ದಿನದ ಕೂಲಿ ಕೈಗೆ ಬರುವುದನ್ನು ಬಿಟ್ಟು ತಿಂಗಳ ಸಂಬಳಕ್ಕೆ ಕಾಯುವುದು ಯಾರಿಗೆ ಬೇಕು, ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಮುಂದಿನ ವಾರ ಮತ್ತೆ ಹೋಗಿ ಕೂತು ಮಾತಾಡಬೇಕು. ನೀನು ಡಿಸೆಂಬರಿನಲ್ಲಿ ಬರುವಾಗ ಅವನಿಗೆ 12 ಔನ್ಸಿನ ಒಂದು ಜೊತೆ ಗ್ಲೌಸ್ ತಾ. ದುಬೈಯಲ್ಲಿ ಒಳ್ಳೇದು ಸಿಗುತ್ತದೆ ಅಂತ ನೀನೇ ಹೇಳಿದ್ದಿ. ಹ್ಯಾಂಡ್ ರ‍್ಯಾಪ್ ಕೂಡ, ನಾಲ್ಕೂವರೆ ಮೀಟರಿನದ್ದು, ಗಿಡ್ಡದ್ದು ತರಬೇಡ. ಅವನ ಬೆರಳ ಸಂದಿಗೆಲ್ಲ ಸುತ್ತಿದರೆ ಗಿಡ್ಡದ್ದು ಮಣಿಕಟ್ಟಿಗೆ ಸಾಲುವುದಿಲ್ಲ.

ಇಂತಿ ನಿನ್ನ,
ಮಂಗಳೂರಿನಿಂದ